ಹಾಲಿನವಳಿಗಾಗಿ ಬೇಡಲಾರದ್ದು

ತಮ್ಮಾ,

ಒಲೆಯ ಮೇಲೆ ಅನ್ನವಿದೆ, ಉಣ್ಣು. ಹಾಲಿನವಳು ಕೊನೆಯ ಸಲ ಹಾಕಿದ ಹಾಲು ಒಡೆದಿದೆ, ಚೆಲ್ಲಿಬಿಡು.

ನಾನು ಠಾಣೆಗೆ ಹೋಗುತ್ತಿದ್ದೇನೆ. ಅವಳಿಗೆ ಗುದ್ದಿದ್ದು ನಿನ್ನ ವ್ಯಾನು ಎಂದು ಹೇಳಿಬಿಡುತ್ತೇನೆ.

"ಅವಳಿಗೆ ಪ್ರಜ್ಞೆ ಬರದೇ ಇರ್ಲಿ ಅಂತ ಬೇಡ್ಕೋ ಅಕ್ಕಾ, ನಿನ್ನ ಮಾತಾದ್ರೆ ದೇವರು ಕೇಳ್ತಾನೆ" ಅಂದೆಯಲ್ಲ. ಬೇಡಲು ಕೂತೆ, ನಾಲಿಗೆ ಏಳಲಿಲ್ಲ. ಠಾಣೆಗೆ ಹೋಗಿ ನಿಜ ಹೇಳು ಎಂದಷ್ಟೇ ದೇವರು ಹೇಳಿದಂತಾಯಿತು. ಇದು ಅವನ ಅಪ್ಪಣೆಯೋ ನನ್ನ ಕಲ್ಲೆದೆಯೋ ಎಂದು ಈಗಲೂ ಅನುಮಾನ. ತಪ್ಪಿದ್ದರೆ ಶಿಕ್ಷೆ ನನಗೇ ಇರಲಿ.

ನೀನು ಅತ್ತರೆ ನನ್ನ ಮನಸ್ಸು ಕರಗುತ್ತದೆ. ಅದಕ್ಕೇ ಎಬ್ಬಿಸಲಿಲ್ಲ. ದಪ್ಪ ಸ್ವೆಟರ್ ಕುರ್ಚಿಯ ಮೇಲಿದೆ, ಹಾಕಿಕೊಂಡಿರು. ಲಾಕಪ್ಪಿನ ನೆಲ ತಣ್ಣಗಿರುತ್ತದಂತೆ.

ಕಿಟಕಿಯಿಂದ ಯಾರನ್ನೂ ಕೂಗಬೇಡ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದೇನೆ. ನಾನು ನಂಬಿರುವುದು ದೇವರನ್ನು, ನಿನ್ನನ್ನಲ್ಲ.

ಅಕ್ಕ