ಹಡಗಿಗಿಲ್ಲದ ಶುಕ್ರವಾರ

ಡೊಂಬಿವಲಿ ಪೂರ್ವ,
೧೨ ಫೆಬ್ರವರಿ ೨೦೧೨, ಆದಿತ್ಯವಾರ

ಶ್ರೀಪ್ರಿಯಾಳ ಅಪ್ಪನಿಗೆ ರಮಾಮಣಿಯ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಿಂದ ಸೀದಾ ಮೇಲಿನ ಗಾಳಿಗೆ ಹೋಗಿ ನಿಲ್ಲಬೇಡಿ, ಬೆವರು ಆರಿದ ಮೇಲೆ ಹೋಗಿ. ನಾವಿಲ್ಲಿ ಚೆನ್ನಾಗಿದ್ದೇವೆ. ಹಾಗೆ ಬರೆದ ಕೂಡಲೇ ಏನಾದರೂ ಆಗಿಬಿಡುತ್ತದೋ ಎಂದು ಹೆದರಿಕೆ, ಆದ್ದರಿಂದ ಸಾಧಾರಣ ಇದ್ದೇವೆ ಎಂದು ಓದಿಕೊಳ್ಳಿ. ಈ ಪತ್ರವನ್ನು ಸೀವುಡ್ಸ್‌ನ ತಾರಾನಾಥರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ವಿಮಾನದಲ್ಲಿ ಅಮೆರಿಕಕ್ಕೆ ಬಂದು ಅಲ್ಲಿನ ಬಂದರಿನಲ್ಲಿ ನಿಮ್ಮ ಹಡಗು ಹತ್ತುವವರಂತೆ. ಪೊಟ್ಟಣದಲ್ಲಿ ಕರಿ ಎಳ್ಳು, ದರ್ಭೆ ಇವೆ. ಎಳ್ಳನ್ನು ಕಸ್ಟಮ್ಸಿನವರು ತೆಗೆದಿಟ್ಟುಕೊಂಡರೆ ಏನು ಗತಿ ಎಂದು ಅದೊಂದು ಯೋಚನೆ.

ಮೊನ್ನೆ ಫೋನಿನಲ್ಲಿ ನೀವು, "ಮಾರ್ಚ್ ಒಂದು ಗುರುವಾರ ಮಲಗಿದ್ರೆ ಏಳುದು ಶನಿವಾರವೇ. ನಡುವಿನ ಶುಕ್ರವಾರ ನಮಗಿಲ್ಲ ಮಾರಾಯ್ತಿ, ನಡುಸಮುದ್ರದಲ್ಲಿ ತಾರೀಕು ಬದಲಾಗುವ ಗೆರೆ ದಾಟ್ತೇವಲ್ಲ" ಎಂದು ನಗಾಡಿದಿರಿ. ಆ ಶುಕ್ರವಾರವೇ ಅಲ್ಲವೇ ಫಾಲ್ಗುಣ ಶುದ್ಧ ನವಮಿ, ಅತ್ತೆಯ ಮೊದಲ ವರ್ಷದ ಶ್ರಾದ್ಧ? ಹೋದ ವರ್ಷ ಅವರು ತೀರಿಕೊಂಡಾಗ ನೀವು ನಡುಸಮುದ್ರದಲ್ಲಿದ್ದಿರಿ, ಬಾಯಿಗೆ ನೀರು ಬಿಡಲು ಇದ್ದ ಒಬ್ಬ ಮಗನೂ ಇರಲಿಲ್ಲ. ಈ ಸಲ ಹಡಗಿನಲ್ಲಾದರೂ ಎಳ್ಳುನೀರು ಬಿಡುತ್ತೇನೆ ಎಂದವರು ನೀವೇ. ಈಗ ಆ ದಿನವನ್ನೇ ಸಮುದ್ರ ನುಂಗಿದರೆ? ರಘುಪತಿ ಭಟ್ಟರಲ್ಲಿಗೆ ಓಡಿದೆ. ಅವರು ಬೇರೆ ಯಾರದೋ ಗೃಹಪ್ರವೇಶದ ಗಡಿಬಿಡಿಯಲ್ಲಿದ್ದರು. "ಶುಕ್ರವಾರ ಇಲ್ಲದಿದ್ರೆ ಮರುದಿನ ಮಾಡ್ಲಿ" ಎಂದರು. ನೀವು ಮತ್ತೆ ಫೋನ್ ಮಾಡಿದಾಗ ಅದನ್ನೇ ಹೇಳಿಬಿಟ್ಟೆ, ಶನಿವಾರ ಮಾಡಿ ಎಂದು. ಹೇಳಿ ಫೋನಿಟ್ಟ ಮೇಲೆ ನನಗೆ ಅನ್ನ ಸೇರಲಿಲ್ಲ. ಕರಾವಳಿಯ ಹೆಂಗಸು ನಾನು, ತಿಥಿ ತಪ್ಪಿದರೆ ಏನೆಂದು ಗೊತ್ತು. ಅತ್ತೆ ಬಾಗಿಲಲ್ಲಿ ನಿಂತು ನಿಂತು ಹಸಿದು ಹೋಗುತ್ತಾರೆ.

ಕೊನೆಗೆ ಮಗಳ ಹತ್ತಿರ ಹೇಳಿದೆ. ಅವಳು ಘಣಸೋಲಿಯ ಆಫೀಸಿನಲ್ಲಿ ಅದೇನು ಮಾಡುತ್ತಾಳೆಂದು ನನಗಾಗಲಿ ನಿಮಗಾಗಲಿ ಇಷ್ಟು ವರ್ಷ ಸರಿಯಾಗಿ ತಿಳಿದಿರಲಿಲ್ಲ, ಕಂಪ್ಯೂಟರ್ ಎನ್ನುತ್ತಿದ್ದೆವು ಅಷ್ಟೆ. ಕೇಳಿ: ಕಂಪ್ಯೂಟರಿಗೆ ಕೆಲಸ ಹೇಳಲು ಒಂದು ಭಾಷೆ ಇದೆಯಂತೆ. ಆ ಭಾಷೆಯಲ್ಲಿ ಬರೆಯುವವರಿಗೆಲ್ಲ ಬೇಕಾಗುವ ಸಾಮಾನನ್ನು ಮೊದಲೇ ಮಾಡಿ ಕಪಾಟಿನಲ್ಲಿ ಇಟ್ಟಿರುತ್ತಾರಂತೆ. ಅದರಲ್ಲಿ ದಿನ, ವಾರ, ಗಂಟೆಗಳ ಕಪಾಟು ನಮ್ಮ ಶ್ರೀಪ್ರಿಯಾಳ ತಂಡದ್ದು. ಭೂಮಿ ಗುಂಡಗಿದೆ ಎಂಬ ಪಾಠ ಬರುವ ಹೊತ್ತಿಗೆ ನನ್ನನ್ನು ಶಾಲೆ ಬಿಡಿಸಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಆ ಗುಂಡು ಭೂಮಿಗೆಲ್ಲ ತಾರೀಕು ಹಂಚುತ್ತಾಳೆ!

"ಮಮ್ಮಿ, ಟೆನ್ಶನ್ ನಕೋ. ದಿನ ಎಲ್ಲೂ ಕಳೆದುಹೋಗಲ್ಲ, ಹೆಸರು ಮಾತ್ರ ಬೇರೆ" ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಲೋಕಲ್ ಗಾಡಿಯ ಲೆಕ್ಕದಲ್ಲಿ ಹೇಳಿದಳು. ಗಾಡಿ ಒಂದೇ. ಅದು ಹೋಯಿತು ಎನ್ನುತ್ತಾರೆ ಕಲ್ಯಾಣದವರು, ಇನ್ನೂ ಬರಬೇಕು ಎನ್ನುತ್ತಾರೆ ಠಾಣೆಯವರು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗೆಯೇ ಕ್ಷಣ ಎಂಬುದು ಇಡೀ ಲೋಕಕ್ಕೆ ಒಂದೇ, ತಾರೀಕು ಆಯಾ ಊರಿನವರು ಅದಕ್ಕಿಟ್ಟ ಹೆಸರು. ಅವರ ಹಳೆಯ ಕಪಾಟಿನಲ್ಲಿ ಇವೆರಡನ್ನೂ ಒಂದೇ ಡಬ್ಬಿಗೆ ತುಂಬಿಸಿದ್ದರಂತೆ. ಅದರಿಂದ ಒಂದೂರಿನಲ್ಲಿ ಬರೆದ ಹುಟ್ಟುಹಬ್ಬ ಇನ್ನೊಂದೂರಿನಲ್ಲಿ ತೆರೆದರೆ ಹಿಂದಿನ ದಿನವಾಗಿ ಕಾಣುತ್ತಿತ್ತಂತೆ. ಬೇರೆ ಬೇರೆ ಡಬ್ಬಿ ಮಾಡಬೇಕೆಂದು ಇವಳ ಹಟ. ಜೊತೆಯ ಹೃಷಿಕೇಶ್ ಎಂಬವನು, "ಅಷ್ಟೆಲ್ಲ ಯಾರಿಗೆ ಬೇಕು? ಒಂದೇ ಸಾಕು" ಎಂದು ತಿಂಗಳಿಂದ ಜಗಳ.

ಇನ್ನೂ ಹೇಳಿದಳು, ನಾನು ಒಗ್ಗರಣೆ ಸೀಯುವುದನ್ನೂ ಮರೆತು ಕೇಳುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ ಸಮೋವಾ ಎಂಬ ದ್ವೀಪದವರು ಊರಿಗೆ ಊರೇ ಸೇರಿ ಒಂದು ಶುಕ್ರವಾರವನ್ನು ಬಿಟ್ಟುಬಿಟ್ಟರಂತೆ. ಗುರುವಾರ ಮಲಗಿದವರು ಶನಿವಾರ ಎದ್ದರಂತೆ, ನಿಮ್ಮ ಹಾಗೆಯೇ. ನಮ್ಮ ದೇಶದಲ್ಲಿ ಯುದ್ಧದ ಕಾಲಕ್ಕೆ ಗಡಿಯಾರಗಳನ್ನು ಒಂದು ತಾಸು ಮುಂದೆ ತಿರುಗಿಸಿದ್ದರಂತೆ. ಅತ್ತೆ ಹುಟ್ಟಿದ್ದು ಆ ಕಾಲದಲ್ಲೇ ಅಲ್ಲವೇ? ಅವರಿಗೂ ನೆನಪಿಲ್ಲದ ಆ ತಾಸನ್ನು ಮುಖ ಪರಿಚಯವೂ ಇಲ್ಲದ ಯಾರೋ ಯಾವ್ಯಾವುದೋ ದೇಶದಲ್ಲಿ ಕುಳಿತು ಬರೆದಿಟ್ಟು ಜೋಪಾನ ಮಾಡಿದ್ದಾರೆ. ಇದನ್ನು ಕೇಳಿ ದೇವರ ಕೋಣೆಗೆ ಹೋಗಿ ಸುಮ್ಮನೆ ಕೈಮುಗಿದು ಬಂದೆ.

ನಮ್ಮ ಶುಕ್ರವಾರದ ಕಥೆಯನ್ನು ಇವಳು ಮರುದಿನ ಆಫೀಸಿನಲ್ಲಿ ಹೇಳಿದಳಂತೆ. ಹೃಷಿಕೇಶ್ ಮೊದಲು, "ನಿಮ್ಮಜ್ಜಿ ಈಗ ನನ್ನ ಕೋಡ್ ರಿವ್ಯೂ ಮಾಡ್ತಾರಾ?" ಎಂದು ತಮಾಷೆ ಮಾಡಿದನಂತೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ತಿದ್ದುವುದಕ್ಕೆ ಹಾಗೆನ್ನುತ್ತಾರಂತೆ. ಸಂಜೆ ಅವನೇ ಬಂದು, ಬೇರೆ ಬೇರೆ ಡಬ್ಬಿಯೇ ಇರಲಿ ಎಂದನಂತೆ. ಈಗ ಅವರ ಕೆಲಸದೊಳಗೆ ಪರೀಕ್ಷೆಗೆಂದು ನಿಮ್ಮದೊಂದು ಹಡಗು ಇದೆ. ಲೋಕದ ಯಾವ ಮೂಲೆಯಲ್ಲಿ ಯಾರು ಆ ಕಪಾಟನ್ನು ಮುಟ್ಟಿ ಬದಲಾಯಿಸಿದರೂ ಆ ಹಡಗು ಒಮ್ಮೆ ಗೆರೆ ದಾಟಿ ತೋರಿಸಬೇಕಂತೆ, ಅಜ್ಜಿಯ ದಿನ ತಪ್ಪದೆ ಸಿಕ್ಕಿದರೆ ಮಾತ್ರ ಮುಂದಿನ ಕೆಲಸ. ಅತ್ತೆ ಇದ್ದಿದ್ದರೆ, "ನನ್ನ ಹೆಸರಲ್ಲಿ ಎಂತದ್ದು ಮಾಡಿಟ್ಟಿದ್ದಾಳೆ ನೋಡು ಈ ಹುಡುಗಿ" ಎಂದು ಕಟ್ಟಡದ ನಾಲ್ಕೂ ಮಹಡಿಗೆ ಹೇಳಿ ಬರುತ್ತಿದ್ದರು.

ತಾರಾನಾಥರು ಕೆಳಗೆ ರಿಕ್ಷಾ ನಿಲ್ಲಿಸಿ ಕರೆಯುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ನಮಸ್ಕಾರ ಹೇಳಿದ್ದಾಳೆ. ಕೃಷ್ಣದೇವರು ನಿಮ್ಮನ್ನು ಸುಖವಾಗಿ ದಡ ಮುಟ್ಟಿಸಲಿ.

ಇತಿ ನಿಮ್ಮ
ರಮಾಮಣಿ

ತಾ.ಕ.: ಮುಖ್ಯದ್ದೇ ಬಿಟ್ಟುಹೋಯಿತು. ಶನಿವಾರ ಬೇಡ, ಬೇಡವೇ ಬೇಡ! ಅಷ್ಟರಲ್ಲಿ ನವಮಿ ಮುಗಿದಿರುತ್ತದೆ. ಚಂದ್ರ ಎಲ್ಲರಿಗೂ ಒಬ್ಬನೇ, ಅವನ ತಿಥಿ ಗೆರೆ ನೋಡಿ ನಿಲ್ಲುವುದಿಲ್ಲ. ಮಗಳು ಲೆಕ್ಕ ಹಾಕಿದಳು, ಭಟ್ಟರೂ ಪಂಚಾಂಗ ತೆರೆದು ನೋಡಿ, "ಹೌದಲ್ಲ ಮಾರಾಯ್ತಿ, ಗಡಿಬಿಡಿಯಲ್ಲಿ ಹೇಳಿಬಿಟ್ಟೆ" ಎಂದರು. ನಿಮ್ಮ ಗುರುವಾರವಿಡೀ ನವಮಿಯೇ. ಗುರುವಾರ ಮಧ್ಯಾಹ್ನ ಮಾಡಿ. ಕಾಗೆ ಇಲ್ಲವೆಂದು ಬೇಸರ ಬೇಡ, ಪಿಂಡವನ್ನು ನೀರಿಗೆ ಬಿಡಿ. ಆಗ ನಮಗಿಲ್ಲಿ ಶುಕ್ರವಾರದ ಬೆಳಗು, ನಾನು ಒಲೆ ಹಚ್ಚಿರುತ್ತೇನೆ. ಅತ್ತೆಗೆ ಮೊದಲು ಮಗನ ಕೈಯ ನೀರು, ಆಮೇಲೆ ಸೊಸೆಯ ಅನ್ನ.