ಬೆವರಿಗೆ ಸಿಕ್ಕ ಮೇಸ್ತ್ರಿಗಿರಿ

ಬೈಂಡಿಂಗ್ ಅಂಗಡಿಯ ಯಜಮಾನರಿಗೆ,

ನಿಮ್ಮ ಮೇಸ್ತ್ರಿಯ ನಮಸ್ಕಾರಗಳು. ಸಂತೋಷದ ಸುದ್ದಿ: ನನಗೆ ಕಾಯಿಲೆಯಿದೆ!

ಹೋದ ತಿಂಗಳು ನನ್ನ ಒದ್ದೆ ಅಂಗಿ ನೋಡಿ, "ಬೆವರು ಸುರಿಸಿ ದುಡಿಯೋದು ಅಂದ್ರೆ ಇದು!" ಎಂದು ನೀವು ನನ್ನನ್ನು ಮೇಸ್ತ್ರಿ ಮಾಡಿದಿರಿ. ಒಂದು ಹನಿಯೂ ಬೆವರದ, ಪುಸ್ತಕ ಹೊಲಿಯುವ ಅಕ್ಕನನ್ನು ಸೋಮಾರಿ ಎಂದಿರಿ. ಅಂದೇ ಅಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಲೋ, ಕೂತಲ್ಲೇ ಬೆವರ್ತೀಯಲ್ಲೋ! ಕೈ ಬೇರೆ ನಡುಗುತ್ತೆ. ಮೊದ್ಲು ಡಾಕ್ಟರ್ ಹತ್ರ ಹೋಗು."

ಹೋದೆ. ಇಂಥ ಬೆವರಿಗೆ ಭಯ, ಜ್ವರ, ಸಕ್ಕರೆ ಕಾಯಿಲೆ, ಏನು ಬೇಕಾದರೂ ಕಾರಣವಿರಬಹುದಂತೆ. ರಕ್ತ ಪರೀಕ್ಷೆಯಲ್ಲಿ ನನ್ನ ಥೈರಾಯ್ಡ್ ಸಿಕ್ಕಿಬಿತ್ತು. "ನಿಮ್ಮ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿದೆ. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ" ಎಂದರು ಡಾಕ್ಟರಮ್ಮ. ಹೃದಯವೇ ಕೈಕೊಟ್ಟಿತೆಂದು ಹೆದರಿದ್ದವನು ಕುಣಿಯುತ್ತಾ ಮನೆಗೆ ಬಂದೆ.

ಹೀಗಾಗಿ ಯಜಮಾನರೇ, ಅಂಗಡಿಯಲ್ಲಿ ಮೈಮುರಿದು ದುಡಿದದ್ದು ನಾನಲ್ಲ, ನನ್ನ ಗ್ರಂಥಿ. ನಾನು ಮೂರು ಪುಸ್ತಕ ಮುಗಿಸುವಷ್ಟರಲ್ಲಿ ಹತ್ತು ಹೊಲಿಯುವ ಅಕ್ಕನನ್ನೇ ದಯವಿಟ್ಟು ಮೇಸ್ತ್ರಿ ಮಾಡಿ. ನನಗೆ ಕಿಟಕಿ ಪಕ್ಕದ ಮೇಜು ಸಾಕು.

ಇನ್ನು ಮುಂದೆ ನನ್ನ ಅಂಗಿ ಒಣಗಿದ್ದರೆ ಬೈಯಬೇಡಿ. ಬೈದರೆ ಬೆವರುತ್ತೇನೆ, ಅದನ್ನು ನೋಡಿ ನೀವು ಮತ್ತೆ ಮೇಸ್ತ್ರಿ ಮಾಡಿಬಿಡುತ್ತೀರಿ.

ಇಂತು,
ಒಂದು ತಿಂಗಳ ಮೇಸ್ತ್ರಿ