ಬಾಡಿಗೆಗಿದ್ದ ತಮ್ಮನ ಮಗಳು

ಮಹಡಿಯ ಕೋಣೆಯಿಂದ,
ಮಾರ್ಚ್ ೧೪, ಬೆಳಿಗ್ಗೆ

ಹಡಗಿನ ಅಡುಗೆಮನೆ ಆಳುತ್ತಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಿರಿ. ಮುಚ್ಚಳವನ್ನೇ ತೆರೆದಿರಲಿಕ್ಕಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೆ? ಮೂವತ್ತು ಜನಕ್ಕೆ ಬಡಿಸುವವರು ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿ. ನಾನು ಚೆನ್ನಾಗಿದ್ದೇನೆ. ಬೆಳಕು ಚೆನ್ನಾಗಿದೆಯೆಂದು ಹೊಲಿಗೆ ಯಂತ್ರವನ್ನು ಈ ಕೋಣೆಗೇ ತರಿಸಿಕೊಂಡಿದ್ದೇನೆ. ಆದರೆ ಇಲ್ಲಿ ಕೂತರೆ ಕೆಲಸ ಸಾಗುವುದಿಲ್ಲ, ಇದೇ ಕೋಣೆಯಲ್ಲಿದ್ದ ನರ್ಸಮ್ಮನ ನೆನಪಾಗುತ್ತದೆ.

ಅವಳು ಬಿಟ್ಟುಹೋಗಿ ಎಂಟು ತಿಂಗಳಾಯಿತು. ಆರು ವರ್ಷ ಬಾಡಿಗೆ ಕೊಟ್ಟುಕೊಂಡೇ ಇದ್ದಳು. ತೆರಿಗೆ ತಪ್ಪಿಸಲು ನಾವು ಊರಿಗೆಲ್ಲ ಹೇಳಿದ್ದೇನು? "ತಮ್ಮನ ಮಗಳು, ಸುಮ್ನೆ ನಮ್ಮ ಜೊತೆ ಇದ್ದಾಳೆ." ಮೀಟರ್ ನೋಡಲು ಬಂದವನಿಗೂ ಅದೇ. ನನಗೆ ತಮ್ಮನೇ ಇಲ್ಲವಲ್ಲ ಎಂದು ಯಾರೂ ಕೇಳಲಿಲ್ಲ, ನಮ್ಮ ಪುಣ್ಯ. ಪಾಪ, ಅವಳೂ ಅತ್ತೆ, ಮಾವ ಎಂದು ಕರೆದು ಒಗ್ಗಿಹೋದಳು. ನನಗೆ ಜ್ವರ ಬಂದಾಗ ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಬಟ್ಟೆಯನ್ನೂ ಬದಲಿಸದೆ ನನ್ನ ಹಣೆಗೆ ಒದ್ದೆ ಪಟ್ಟಿ ಹಾಕುತ್ತ ಕೂತಿದ್ದಳು.

ಅಂಥವಳು ಕೇಳಿದ್ದು ಒಂದೇ ಒಂದು ಕಾಗದ. ಅಜ್ಜಿಯ ಬಳಿ ಬಿಟ್ಟಿದ್ದ ಮಗಳನ್ನು ಕರೆತಂದು ಇಲ್ಲಿನ ಶಾಲೆಗೆ ಸೇರಿಸಲು ಬಾಡಿಗೆ ಪತ್ರ ಬೇಕಿತ್ತು. "ಅತ್ತೆ, ಎರಡು ಸಾಲು ಬರ್ದುಕೊಟ್ರೂ ಸಾಕು" ಎಂದಳು. "ಕೊಟ್ರೆ ಸಿಕ್ಕಿಹಾಕ್ಕೋತೀವಿ" ಎಂದಿರಿ ನೀವು. ತಪ್ಪನ್ನೆಲ್ಲ ನಿಮ್ಮೊಬ್ಬರ ತಲೆಗೇ ಕಟ್ಟುವುದಿಲ್ಲ. ಇವತ್ತು, ನಾಳೆ ಎಂದು ಸತಾಯಿಸಿದವಳು ನಾನು. ಶಾಲೆಗೆ ಸೇರಿಸುವ ಗಡುವು ಮುಗಿದೇ ಹೋಯಿತು. ಅವಳು ಜಗಳವಾಡಲಿಲ್ಲ. ಕೋಣೆ ಗುಡಿಸಿ, ಬೀಗದಕೈ ನನ್ನ ಕೈಗಿಟ್ಟು ಹೊರಟಳು. ಬಾಯಿಗೆ ಬಂದಂತೆ ಬೈದಿದ್ದರೂ ಚೆನ್ನಾಗಿತ್ತು.

ಮುಚ್ಚಿಟ್ಟ ಬಾಡಿಗೆಯನ್ನು ತಾವಾಗಿಯೇ ಬಂದು ಒಪ್ಪಿಕೊಳ್ಳುವ ಮನೆಮಾಲೀಕರಿಗೆ ದಂಡ ಕಡಿಮೆ ಎಂದು ತೆರಿಗೆ ಕಚೇರಿಯವರು ಹೇಳಿದ್ದಾರಲ್ಲ, ಇವತ್ತೇ ಹೋಗುತ್ತಿದ್ದೇನೆ. ನೀವು ಹೇಳಿಕೊಟ್ಟದ್ದು ನೆನಪಿದೆ. ಫಾರಂನಲ್ಲಿ "ತೆರಿಗೆ ಕಟ್ಟಬೇಕೆಂದು ಗೊತ್ತಿರಲಿಲ್ಲ" ಎಂಬಲ್ಲಿ ಗುರುತು ಹಾಕಬೇಕು. ಆಗ ದಂಡ ಕಟ್ಟಿಯೂ ನಾವು ಕೂಡಿಟ್ಟದ್ದರಲ್ಲಿ ಸ್ವಲ್ಪ ಉಳಿಯುತ್ತದೆ, ಈ ಸಲದ ಪ್ರಯಾಣ ಮುಗಿಸಿ ನೀವು ಹಡಗಿನ ಕೆಲಸ ಬಿಟ್ಟು ಮನೆಗೆ ಬರಬಹುದು. ಒಬ್ಬಳೇ ಉಂಡು ಉಂಡು ನನಗೂ ಸಾಕಾಗಿದೆ, ರೀ.

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ಜೊತೆಯವರಿಗೆಲ್ಲ ಕೇಳಿದೆನೆಂದು ಹೇಳಿ.

ನಿಮ್ಮ
ಗುಂಡುಸೂಜಿ

ತಾ.ಕ.: ಕಚೇರಿಯ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಗುಮಾಸ್ತರು ನರ್ಸಮ್ಮನ ಹೆಸರು ಬರೆದುಕೊಂಡು, "ಇವ್ರು ನಿಮಗೇನಾಗ್ಬೇಕು?" ಎಂದರು. "ತಮ್ಮನ ಮಗಳು" ಎಂದುಬಿಟ್ಟೆ. ಬಾಯಿಗೆ ಅಷ್ಟು ರೂಢಿಯಾಗಿತ್ತು. ನಾಲಿಗೆ ಕಚ್ಚಿಕೊಂಡು, ಅಲ್ಲ, ಬಾಡಿಗೆಗಿದ್ದವಳು ಎಂದು ತಿದ್ದಿ ಹೇಳಿದೆ. ಅಷ್ಟಾದ ಮೇಲೆ ಗೊತ್ತಿರಲಿಲ್ಲ ಎಂದು ಗುರುತು ಹಾಕಲು ಕೈ ಬರಲಿಲ್ಲ. "ಗೊತ್ತಿದ್ದೂ ಮುಚ್ಚಿಟ್ಟೆವು" ಎಂಬಲ್ಲಿ ಹಾಕಿ ಸಹಿ ಮಾಡಿದೆ. ಕೂಡಿಟ್ಟದ್ದೆಲ್ಲ ದಂಡಕ್ಕೇ ಹೋಗುತ್ತದೆ. ನೀವು ಇನ್ನೊಂದು ವರ್ಷ ಹಡಗಿನಲ್ಲೇ ಇರಬೇಕು. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ, ನಾನೂ ಹೂಂ ಎಂದುಬಿಡುತ್ತಿದ್ದೆ.